ಅರ್ಧ ಬಟ್ಟಲು ಚಹಾ

"ಅಜ್ಜಿ ನಿಂಗೆ ಬಟ್ಟಲು ತುಂಬಿಸಿ ಚಹಾ ಕೊಡಿಸಿದ್ಲಾ? ಹಂಗಾದ್ರೆ 'ಎದ್ದು ನಡಿ' ಅಂತ ಮುಖಕ್ಕೇ ಹೇಳಿದಂಗಾಯ್ತು ಬಿಡು," ಎಂದು ಬುರುಲ್ ಅಕ್ಕ ನಕ್ಕಳು.

ಅರ್ಧ ಬಟ್ಟಲು ಅಂದರೆ ಕೂತಿರು, ತುಂಬಿದ ಬಟ್ಟಲು ಅಂದರೆ ಹೊರಡು. ನಾರಿನ್ ಕಣಿವೆಯಲ್ಲಿ ಇದು ತೊಟ್ಟಿಲ ಕೂಸಿಗೂ ಗೊತ್ತು. ಫಿಸಿಯೋಥೆರಪಿ ಕಲಿಯಲು ಆಸ್ಪತ್ರೆಗೆ ಬಂದಿದ್ದ ಜಿಲ್ದಿಸ್‌ಗೆ ಗೊತ್ತಿಲ್ಲದೆ ಇರುತ್ತದೆಯೇ?

"ಲಕ್ವ ಹೊಡೆದಿದ್ದು ಕೈಗೆ, ಕೊಬ್ಬು ಮಾತ್ರ ಹಂಗೇ ಇದೆ ಆ ಬತ್ಮಾ ಅಜ್ಜಿಗೆ! ಒಂಬತ್ತು ದಿನ ಆಯ್ತಕ್ಕ, ಚೆಂಡು ಹಿಚುಕಿ ಅಂದ್ರೆ ಬಲಗೈನ ಶಾಲೊಳಗೆ ಬಚ್ಚಿಡ್ತಾಳೆ. 'ಸಹಕರಿಸುತ್ತಿಲ್ಲ' ಅಂತ ಬರೆದುಬಿಡ್ತೀನಿ."

"ಬರೆದ್ರೆ ಶುಕ್ರವಾರ ಮನೆಗೆ ಕಳಿಸ್ತಾರೆ. ಆ ಕೈ ಹಂಗೇ ಮರಗಟ್ಟುತ್ತೆ. ಅದಕ್ಕೆ ಮುಂಚೆ ನಿನ್ನ ಬಲಗೈ ಕೊಡಿಲ್ಲಿ."

ಇಪ್ಪತ್ತು ವರ್ಷದಿಂದ ಇದೇ ಕೆಲಸದಲ್ಲಿರುವ ಅಕ್ಕ ತನ್ನ ತಲೆವಸ್ತ್ರ ಬಿಚ್ಚಿ, ಹುಡುಗಿಯ ಕೈಯನ್ನು ಎದೆಗೆ ಬಿಗಿದು ಕಟ್ಟಿದಳು. "ಸಂಜೆವರೆಗೂ ಬಿಚ್ಚಂಗಿಲ್ಲ."

ಊಟದ ಸಾಲಿನಲ್ಲಿ ಜಿಲ್ದಿಸ್ ರೊಟ್ಟಿಗೆ ಎಡಗೈ ಚಾಚಿದಳು. ಮೇಲಂಗಿಯೊಳಗೆ ಕಟ್ಟಿದ ಕೈ ಬಡಿಸುವವಳಿಗೆ ಕಾಣಲಿಲ್ಲ.

"ಅನ್ನಕ್ಕೆ ಎಡಗೈ ಚಾಚ್ತೀಯಲ್ಲೇ! ಹೆತ್ತವ್ವ ಏನೂ ಕಲಿಸ್ಲಿಲ್ವಾ?"

ಸಾಲಿಗೆ ಸಾಲೇ ತಿರುಗಿ ನೋಡಿತು. ಜಿಲ್ದಿಸ್ ಚಾಚಿದ ಕೈಯನ್ನೂ ಅಂಗಿಯೊಳಗೆ ಎಳೆದುಕೊಂಡಳು. ಹಾಗೆ ಎಳೆದುಕೊಂಡಾಗಲೇ ಅವಳಿಗೆ ಅಜ್ಜಿಯ ಶಾಲು ನೆನಪಾಯಿತು.

ದಿನವೂ ಅಜ್ಜಿಯ ಮಂಚದ ಪಕ್ಕ ನಿಂತು ಮಾತಾಡುತ್ತಿದ್ದವಳು ಅಂದು ಸ್ಟೂಲು ಎಳೆದು ಕೂತಳು.

"ನಿಂಗೇನಾಯ್ತೇ ಕೈಗೆ?" ಎಂದಳು ಅಜ್ಜಿ.

"ಅಕ್ಕ ಕಟ್ಟಿದ್ರು. ರೊಟ್ಟಿಗೆ ಎಡಗೈ ಚಾಚಿ ಬೈಸ್ಕೊಂಡೆ."

"ಬೇಕಿತ್ತು ನಿಂಗೆ!" ಅಜ್ಜಿಯ ಬಾಯಿ ಒಂದೇ ಕಡೆಗೆ ನಕ್ಕಿತು.

"ಅಜ್ಜೀ, ನಿಮ್ಮ ಕೈ ವಾಸಿಯಾದ್ರೆ ಮೊದಲು ಏನ್ ಮಾಡ್ಬೇಕು ಅಂತಿದೀರಿ?"

ಅಜ್ಜಿ ಎಡಗೈಯಿಂದ ಶಾಲು ಸರಿಸಿ ಬಲಗೈ ತೋರಿಸಿದಳು. "ನಲವತ್ತು ವರ್ಷ ಮನೆಗೆ ಬಂದೋರಿಗೆಲ್ಲ ಈ ಕೈಲೇ ಚಹಾ ಕೊಟ್ಟಿದೀನಿ ಮಗಾ. ಈಗ ಎಡಗೈಲಿ ಕೊಡ್ಲಾ? ನೀನು ನೋಡಿದ್ರೆ ನಾಯಿಮರಿ ಆಡೋ ಚೆಂಡು ತಂದು ಕೊಡ್ತೀಯ."

ಮರುದಿನದಿಂದ ಚೆಂಡು ಚೀಲದಲ್ಲೇ ಉಳಿಯಿತು. ಖಾಲಿ ಬಟ್ಟಲು ಬಂತು. ಹಿಡಿಯುವುದು, ಎತ್ತುವುದು, ಬೀಳಿಸುವುದು, ಮತ್ತೆ ಹಿಡಿಯುವುದು. ಶುಕ್ರವಾರ ಅಜ್ಜಿಯನ್ನು ಮನೆಗೆ ಕಳಿಸಲಿಲ್ಲ.

ಚಿಕಿತ್ಸೆ ಕಲಿಯುತ್ತಿರುವ ಮಕ್ಕಳೇ, ಕೀಲು ಎಷ್ಟು ಬಾಗುತ್ತದೆಂದು ಅಳೆಯಿರಿ, ಅಳೆಯಲೇಬೇಕು. ಅದಕ್ಕೂ ಮೊದಲು ಪಕ್ಕದಲ್ಲಿ ಕೂತು, ಈ ಕೈಗೆ ಯಾವ ಕೆಲಸ ಬೇಕಾಗಿದೆ ಎಂದು ಕೇಳಿ. 'ಸಹಕರಿಸುತ್ತಿಲ್ಲ' ಎಂದು ಬರೆಯುವ ಮುನ್ನ ಒಂದು ದಿನ ನಿಮ್ಮ ಕೈ ಕಟ್ಟಿಕೊಂಡು ನೋಡಿ.

ಮೂರನೆಯ ವಾರ ಅಜ್ಜಿ ಎಡಗೈಯ ಆಸರೆ ಕೊಟ್ಟು, ಬಲಗೈಯಲ್ಲಿ ಚಹಾದ ಬಟ್ಟಲನ್ನು ಜಿಲ್ದಿಸ್‌ ಮುಂದೆ ಹಿಡಿದಳು.

"ಅರ್ಧ ಚೆಲ್ಲೋಯ್ತಾ ಅಜ್ಜೀ?"

"ಚೆಲ್ಲಿದ್ದಲ್ಲ ಕಣೇ. ನಾನೇ ಅಷ್ಟು ಹಾಕಿಸಿದ್ದು."

ಹೊರಡಲು ಎದ್ದಿದ್ದ ಜಿಲ್ದಿಸ್ ಮತ್ತೆ ಸ್ಟೂಲಿನ ಮೇಲೆ ಕೂತಳು.