ಬೆಳ್ಳಗಾದ ಪ್ರೋಟೀನು

ನನ್ನ ಎಂಎಸ್ಸಿ ಪ್ರಾಜೆಕ್ಟಿನ ಸಾರ ಇಷ್ಟೇ: ಅರಿಸಿನದಲ್ಲಿರುವ ಒಂದು ಅಣು ದೊಡ್ಡದೊಂದು ಪ್ರೋಟೀನಿನ ಗುಳಿಯೊಳಗೆ ಹೋಗಿ ಕೂರುತ್ತದೆ. ಇಷ್ಟನ್ನು ಕಂಪ್ಯೂಟರಿನಲ್ಲಿ ಮಾಡಿ ತೋರಿಸಲು ನನಗೆ ಎಂಟು ತಿಂಗಳು ಹಿಡಿಯಿತು. ಚಾಮರಾಜನಗರದ ನಮ್ಮ ವಿಭಾಗಕ್ಕೆ ಚಿತ್ರ ಒಯ್ದು ಗೈಡ್ ಮಲ್ಲಿಕಾರ್ಜುನಸ್ವಾಮಿ ಮೇಷ್ಟ್ರ ಮುಂದೆ ಹಿಡಿದರೆ, ಅವರು ಕನ್ನಡಕ ಏರಿಸಿ, ಇಳಿಸಿ, "ಗುಳಿ ಎಲ್ಲಮ್ಮ ನಯನಾ?" ಎಂದರು.

ಬೆರಳಿಟ್ಟು ತೋರಿಸಿದೆ. ಆದರೂ ಕಾಣಲಿಲ್ಲವಂತೆ. ರಸ್ತೆ ಬದಿಯಲ್ಲಿ ಚೆಂಡುಹೂವು ರಾಶಿ ಹಾಕಿದ ಹಾಗಿದೆ, ಇದರಲ್ಲಿ ಒಳಗೆ ಯಾವುದು, ಹೊರಗೆ ಯಾವುದು ಎಂದು ಕೇಳಿದರು. ಸೋಮವಾರ ಹನ್ನೊಂದಕ್ಕೆ ಹೊರಗಿನ ಪರೀಕ್ಷಕರು ಬರುತ್ತಾರೆ, ಗೋಡೆಯ ಪೋಸ್ಟರಿನಲ್ಲಿ ಗುಳಿ ಕಾಣದಿದ್ದರೆ ಪ್ರಾಜೆಕ್ಟ್ ವಾಪಸ್, ಇನ್ನಾರು ತಿಂಗಳು ಕೂತು ಮಾಡು ಎಂದೂ ಸೇರಿಸಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಅವರು ಹೇಳಿದ್ದು ಸರಿಯಾಗಿಯೇ ಇತ್ತಲ್ಲ, ಅದಕ್ಕೆ ಇನ್ನೂ ಉರಿಯಿತು.

ಗುಂಡ್ಲುಪೇಟೆಯ ಮನೆಗೆ ಬಂದವಳೇ ಸಾಫ್ಟ್‌ವೇರಿನಲ್ಲಿದ್ದ ಬೆಳಕನ್ನೆಲ್ಲ ಹೊತ್ತಿಸಿದೆ. ಪರಮಾಣುವಿನ ಒಂದೊಂದು ಉಂಡೆಯೂ ಎಣ್ಣೆ ಸವರಿದ ಹಾಗೆ ಮಿರಮಿರ ಮಿಂಚಿತೇ ಹೊರತು ಗುಳಿಯ ಸುಳಿವಿಲ್ಲ. ತಲೆ ಕೆಟ್ಟು ಕೂತಿದ್ದಾಗ, ಶನಿವಾರ ಬೆಳಿಗ್ಗೆ ಅವ್ವ ಯಾವುದೋ ಹರಕೆ ನೆನಪು ಮಾಡಿಕೊಂಡು ಗೋಪಾಲಸ್ವಾಮಿ ಬೆಟ್ಟಕ್ಕೆ ಎಳೆದುಕೊಂಡು ಹೋದಳು. ದಾರಿಯುದ್ದಕ್ಕೂ ನಾನು ಗೊಣಗಿದೆ, ಅವ್ವ ಕಿಟಕಿಯಾಚೆ ಆನೆ ಹುಡುಕಿದಳು.

ಬೆಟ್ಟದ ಮೇಲೆ ಮಂಜು ಕವಿದಿತ್ತು. ಸಾಲಿನಲ್ಲಿ ನನ್ನ ಮುಂದಿದ್ದ ಹೆಂಗಸಿನ ಕೆಂಪು ಸೀರೆ ಕಣ್ಣಿಗೆ ಹೊಡೆಯುತ್ತಿತ್ತು. ಹತ್ತು ಹೆಜ್ಜೆ ಆಚೆಯ ಕೆಂಪು ಸೀರೆ ಪೇಲವ. ಅದರಾಚೆ ನಿಂತವರು ಬರೀ ಬೂದು. ಕಲ್ಲುಗಳ ಸಂದಿಗೆ ಬೆಳಕು ಇಳಿಯದೆ ಅಲ್ಲಲ್ಲೇ ಕಪ್ಪು ಕೂತಿತ್ತು. ಹತ್ತಿರದ್ದು ಗಾಢ, ದೂರದ್ದು ಮಸುಕು, ಸಂದಿಯಲ್ಲಿ ನೆರಳು! ಇಷ್ಟು ಗೊತ್ತಾಗಲಿಲ್ಲವಲ್ಲ ದಡ್ಡಿ ಎಂದು ನನ್ನ ಹಣೆ ನಾನೇ ಚಚ್ಚಿಕೊಂಡೆ. ದೇವರಿಗೆ ಕೈ ಮುಗಿಯುವ ರೀತಿ ಅದಲ್ಲ ಎಂದು ಅವ್ವ ತಿವಿದಳು.

ಮನೆಗೆ ಬಂದು ಸಾಫ್ಟ್‌ವೇರಿನಲ್ಲಿ ಹೊತ್ತಿಸಿದ್ದ ಬೆಳಕೆಲ್ಲ ಆರಿಸಿದೆ. ಹಿಂದಿನ ಉಂಡೆಗಳಿಗೆ ಮಂಜು ಹಾಕಿದೆ, ಉಂಡೆಗಳು ಒತ್ತಿಕೊಂಡ ಕಡೆಗೆಲ್ಲ ನೆರಳು ಕೊಟ್ಟೆ. ಪ್ರೋಟೀನು ಬಾಯಿ ತೆರೆಯಿತು. ಅದರೊಳಗೆ ನನ್ನ ಅರಿಸಿನದ ಅಣು, ಕಾವು ಕೂತ ಕೋಳಿಯ ಹಾಗೆ ನೆಮ್ಮದಿಯಾಗಿ ಕೂತಿತ್ತು. ನಿಜ ಹೇಳುತ್ತೇನೆ, ಸಂತೋಷಕ್ಕೆ ಅಳು ಬಂತು.

ಭಾನುವಾರ ಆ ಚಿತ್ರವನ್ನು ಪ್ರಿಂಟ್ ಮಾಡಲು ಬಸ್ ಸ್ಟ್ಯಾಂಡ್ ಹಿಂದಿನ ಪುಟ್ಟಮಾದಣ್ಣನ ಫ್ಲೆಕ್ಸ್ ಅಂಗಡಿಗೆ ಕೊಟ್ಟೆ. ಪುಟ್ಟಮಾದಣ್ಣ ಮೊದಲು ಲಾರಿಗಳ ಹಿಂದೆ ಕುಂಚದಲ್ಲಿ ಹುಲಿ, ನವಿಲು ಬರೆಯುತ್ತಿದ್ದವನು. ಈಗ ಹುಟ್ಟುಹಬ್ಬ, ಮದುವೆ, ಶ್ರದ್ಧಾಂಜಲಿ ಎಲ್ಲ ಅವನದೇ. ಅವನ ಫ್ಲೆಕ್ಸಿನಲ್ಲಿ ಈವರೆಗೆ ಯಾರೂ ಕಪ್ಪಗೆ ಕಂಡದ್ದಿಲ್ಲ, ಸತ್ತವರು ಕೂಡ.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಹೋಗಿ ಫ್ಲೆಕ್ಸ್ ಬಿಚ್ಚಿದೆ. ಪೌಡರ್ ಮೆತ್ತಿದ ಮದುವಣಗಿತ್ತಿಯಂತೆ ಪ್ರೋಟೀನು ಬೆಳ್ಳಗೆ ನಗುತ್ತಿತ್ತು. ಗುಳಿ ಇಲ್ಲ, ನೆರಳಿಲ್ಲ, ಮಂಜಿಲ್ಲ.

"ಸಂದಿಗೊಂದಿಲೆಲ್ಲ ಕಪ್ಪು ಬಿದ್ದಿತ್ತು ಕಣಮ್ಮಿ. ಎಲ್ಲಾನೂವೆ ತಗ್ದು ಕ್ಲೀನ್ ಮಾಡ್ಬುಟ್ಟೆ," ಎಂದ ಪುಟ್ಟಮಾದಣ್ಣ. ಹೊಗಳಿಕೆಗೆ ಕಾಯುತ್ತಾ ನಿಂತಿದ್ದ.

ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಇನ್ನೊಂದು ಪ್ರಿಂಟ್ ಹೊಡಿ ಎಂದರೆ ಕರೆಂಟಿಲ್ಲ, ಬರುವುದು ಹತ್ತಕ್ಕೆ. ನನ್ನ ಬಸ್ಸು ಒಂಬತ್ತಕ್ಕೆ. ಅಂಗಡಿಯ ಮೆಟ್ಟಿಲ ಮೇಲೆ ಕುಕ್ಕರಿಸಿ ಅತ್ತೇಬಿಟ್ಟೆ. ಇನ್ನಾರು ತಿಂಗಳು, ಅದೇ ಹಾಸ್ಟೆಲ್, ಅದೇ ಉಪ್ಪಿಟ್ಟು!

ಅವನು ಪಕ್ಕದಲ್ಲಿ ಬಂದು ಕೂತು, ಆ ಕಪ್ಪಿನಲ್ಲಿ ಅಂಥದ್ದೇನಿತ್ತು ಎಂದು ಮೆಲ್ಲಗೆ ಕೇಳಿದ. ಗುಂಡಿ ಇತ್ತು ಎಂದು ಕಿರುಚಿದೆ.

"ಗುಂಡಿ ಬೇಕಾಗಿತ್ತಾ? ಮೊದ್ಲೇ ಯೋಳ್ಬಾರ್ದಾ. ಬೆಳಕು ಯಾವ ಕಡೆಯಿಂದ ಬತ್ತದೆ, ಅದ ಯೋಳು."

ಅಟ್ಟದಿಂದ ಹಳೆಯ ಬಣ್ಣದ ಡಬ್ಬಿ ಇಳಿಸಿದ. ನಾನು ಮೊಬೈಲಿನಲ್ಲಿ ಮೂಲ ಚಿತ್ರ ಹಿಡಿದು ನಿಂತೆ. ಗುಳಿಯ ತಳಕ್ಕೆ ಕಪ್ಪು ಇಟ್ಟ, ಅಂಚಿಗೆ ಬರುತ್ತಾ ಬಟ್ಟೆಯಲ್ಲಿ ಒರೆಸಿ ತೆಳು ಮಾಡಿದ. ಹಿಂದಿನ ಉಂಡೆಗಳ ಮೇಲೆ ನೀರಾದ ಬೂದು ಎಳೆದ. ಲಾರಿಯ ಹುಲಿಗೆ ಹೊಟ್ಟೆ ಬರಿಸಿದ ಕೈ ಅದು, ಒಂದು ಗೆರೆಯೂ ತಪ್ಪಲಿಲ್ಲ. ಬಸ್ಸಿನಲ್ಲಿ ಹಸಿ ಫ್ಲೆಕ್ಸನ್ನು ಎರಡು ಸೀಟಿಗೆ ಹರಡಿ ಹಿಡಿದುಕೊಂಡು ಕಂಡಕ್ಟರ್ ಜೊತೆ ತೆರಕಣಾಂಬಿಯವರೆಗೂ ಜಗಳವಾಡಿದೆ.

ಪರೀಕ್ಷಕರು ಮಾತಿಲ್ಲದ ಮನುಷ್ಯ. ಉಳಿದವರ ಪೋಸ್ಟರುಗಳನ್ನು ತಲಾ ಎರಡು ನಿಮಿಷ ನೋಡಿ ಮುಂದೆ ಹೋದರು. ನನ್ನದರ ಮುಂದೆ ನಿಂತರು, ಬಗ್ಗಿದರು. ಒಂದೂ ಪ್ರಶ್ನೆ ಕೇಳದೆ ತೋರುಬೆರಳನ್ನು ನೇರ ಗುಳಿಯೊಳಗೆ ತೂರಿಸಲು ಹೋದರು. ಬೆರಳು ಚಪ್ಪಟೆ ಫ್ಲೆಕ್ಸಿಗೆ ಟಕ್ಕನೆ ಬಡಿಯಿತು. ಮಲ್ಲಿಕಾರ್ಜುನಸ್ವಾಮಿ ಮೇಷ್ಟ್ರು ಬೇರೆ ಕಡೆ ತಿರುಗಿ ಕೆಮ್ಮಿದರು.

ಪರೀಕ್ಷಕರು ಬೆರಳನ್ನು ಜೇಬಿಗೆ ಹಾಕಿಕೊಂಡು, ನೆರಳು ಕೊಡುವುದಕ್ಕೆ ಯಾವ ಸಾಫ್ಟ್‌ವೇರ್ ಬಳಸಿದೆ ಎಂದು ಕೇಳಿದರು. ಗಾಬರಿಯಲ್ಲಿ ನನ್ನ ಬಾಯಿಂದ "ಪುಟ್ಟಮಾದು ಸಾರ್" ಎಂದು ಬಂದುಬಿಟ್ಟಿತು. ಅವರು ಗಂಭೀರವಾಗಿ ಬರೆದುಕೊಂಡರು. ಪಾಸು ಎಂದು ಸಹಿ ಹಾಕಿ, ಹೊರಡುವ ಮೊದಲು ತಿರುಗಿದರು.

"ನಮ್ಮ ಲ್ಯಾಬಿಗೂ ಬೇಕಲ್ಲಮ್ಮ. ಎಲ್ಲಿ ಸಿಗುತ್ತೆ?"

"ಗುಂಡ್ಲುಪೇಟೆ ಬಸ್ ಸ್ಟ್ಯಾಂಡ್ ಹಿಂದೆ ಸಾರ್," ಎಂದೆ. "ಕರೆಂಟ್ ಇಲ್ಲದಿದ್ದಾಗಲೇ ಚೆನ್ನಾಗಿ ಓಡುತ್ತೆ."