ಅಮಕೆನದವರು ತಂದ ಸೂರು

ಅಮಕೆನದ ದೋಣಿಗಳು ಬೆಳಗಿನ ಹೊತ್ತಿಗೇ ದಡ ಮುಟ್ಟಿದವು. ಸೂರಿಗೆ ಹೊದಿಸುವ ಸಾಗೊ ತಾಳೆಗರಿಯ ತಟ್ಟಿಗಳನ್ನು ಎಷ್ಟು ಎತ್ತರಕ್ಕೆ ಪೇರಿಸಿದ್ದರೆಂದರೆ ಹುಟ್ಟು ಹಾಕುವವರ ತಲೆಗಳಷ್ಟೇ ಕಾಣುತ್ತಿದ್ದವು. ಹತುಲಿಮದ ಗಂಡಸರು ಲುಂಗಿ ಎತ್ತಿ ಕಟ್ಟಿ ನೀರಿಗಿಳಿದರು.

"ಬಂದ್ರಪ್ಪಾ ಹಂದಿ ತಿನ್ನೋರು!"

"ನಿಮ್ಮೂರಿಗೆ ಬರೋ ದಿನ ಹಲ್ಲುಜ್ಜಿಕೊಂಡೇ ಬರ್ತೀವಿ ಕಣಯ್ಯಾ. ನಮ್ಮ ಇಗರ್ಜಿಗೆ ನೀವು ಹಾಕಿದ ಸೂರು ಸೋರ್ತಾ ಇದೆ, ಮೊದಲು ಅದಕ್ಕೆ ಉತ್ತರ ಹೇಳು."

"ಅದು ಸೂರಿನ ತಪ್ಪಲ್ಲ, ಕೆಳಗೆ ಕೂತೋರ ಪಾಪದ ಭಾರ!"

ಹತುಲಿಮ ಮುಸಲ್ಮಾನರ ಊರು, ಅಮಕೆನ ಕ್ರೈಸ್ತರದು. ಮುತ್ತಾತಂದಿರ ಕಾಲದಲ್ಲಿ ಎರಡೂ ಊರಿನವರು ಹೆಂಡದಲ್ಲಿ ರಕ್ತ ಬೆರೆಸಿ ಕುಡಿದು ಪೇಲ ಆದರು, ಅಂದರೆ ಒಡಹುಟ್ಟಿದವರಾದರು. ಒಬ್ಬರಿಗೊಬ್ಬರು ಹೆಣ್ಣು ಕೊಡುವುದಿಲ್ಲ. ಪೇಲ ಕೇಳಿದ್ದಕ್ಕೆ ಇಲ್ಲ ಎನ್ನುವಂತಿಲ್ಲ, ಪೇಲನಿಗೆ ಸುಳ್ಳು ಹೇಳುವಂತಿಲ್ಲ. ಪೇಲ ಪೇಲನಿಗೆ ಹೇಳಿಕೊಂಡ ಮಾತು ಮೂರನೆಯವರ ಕಿವಿಗೆ ಬೀಳುವಂತಿಲ್ಲ. ಮೀರಿದವರ ಸಂತಾನ ಮೈ ಕೊಳೆತು ಸಾಯುತ್ತದೆ ಎಂದು ಎರಡೂ ಊರಿನ ಮುದುಕಿಯರು ಇಂದಿಗೂ ಹೆದರಿಸುತ್ತಾರೆ. ದ್ವೀಪ ಹೊತ್ತಿ ಉರಿದ ವರ್ಷ, ಮಸೀದಿ ಇಗರ್ಜಿಗಳೆರಡೂ ಬೂದಿಯಾಗುತ್ತಿದ್ದಾಗ, ಈ ಎರಡು ಊರಿನವರು ಒಬ್ಬರ ಕೂದಲನ್ನು ಇನ್ನೊಬ್ಬರು ಕೊಂಕಿಸಲಿಲ್ಲ. ಹತುಲಿಮದ ಮದರಸಾ ಸುಟ್ಟದ್ದು ದೂರದಿಂದ ಬಂದ ಗುಂಪು. ಈಗ ಅದಕ್ಕೆ ಹೊಸ ಸೂರು ಹೊದಿಸಲು ಪೇಲ ಬಂದಿದ್ದರು. ಪೇಪರಿನವರೂ ಬಂದಿದ್ದರು, ಇಂಥ ಫೋಟೊ ಬಿಡುತ್ತಾರೆಯೆ!

ಮದರಸಾದಲ್ಲಿ ಕುರಾನ್ ಕಲಿಸುವ ರುಕಾಯಾಳಿಗೆ ಅಂದು ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಒಂದು ವಾರದಿಂದ ಮಕ್ಕಳಿಗೆ ಅವಳು ಹೇಳಿಕೊಟ್ಟದ್ದೆಲ್ಲ ಪೇಲದ ಪಾಠವೇ. ದೇವರು ಜನರನ್ನು ಬೇರೆ ಬೇರೆ ಕುಲ ಮಾಡಿದ್ದು ಒಬ್ಬರನ್ನೊಬ್ಬರು ಅರಿಯಲಿ ಎಂದು, ಅರಿಯುವುದು ಹೇಗೆಂದು ನೋಡಬೇಕಿದ್ದರೆ ಅಮಕೆನದವರನ್ನು ನೋಡಿ ಎಂದು. ಅದು ಬರೀ ಬಾಯಿಮಾತಲ್ಲ. ಗಲಭೆಯಲ್ಲಿ ಪೇಟೆಯ ಆಸ್ಪತ್ರೆಯಲ್ಲಿ ಸಿಕ್ಕಿಹಾಕಿಕೊಂಡ ಅವಳ ತಾಯಿಯನ್ನು ಅಮಕೆನದ ಎಲಿಫಾಸ್ ಮೀನಿನ ಬಲೆಯಡಿ ಮಲಗಿಸಿ, ಪ್ರಾಣ ಕೈಯಲ್ಲಿ ಹಿಡಿದು ದೋಣಿಯಲ್ಲಿ ಮನೆಗೆ ತಲುಪಿಸಿದ್ದ.

ಮೊದಲ ತಟ್ಟಿ ಮೇಲೇರುವ ಮುನ್ನ ಮಗುವೊಂದು ಕುರಾನ್ ಓದುವುದು ವಾಡಿಕೆ. ರುಕಾಯಾ ಆರಿಸಿದ್ದು ವಾ ಮಿನಾ ಎಂಬ ಹುಡುಗಿಯನ್ನು. ಅವಳ ಕಂಠಕ್ಕೆ ಸಾಟಿಯಿರಲಿಲ್ಲ. ಆದರೆ ಅವಳು ಹತುಲಿಮದವಳಲ್ಲ. ಅವಳ ಅಜ್ಜ ಬುಟೋನ್ ದ್ವೀಪದಿಂದ ಕೂಲಿಗೆಂದು ಬಂದು ಅಮಕೆನದ ಗುಡ್ಡದ ಮೇಲೆ ಲವಂಗದ ತೋಟದಲ್ಲಿ ಗುಡಿಸಲು ಹಾಕಿದವನು. ಅಲ್ಲಿ ಅಂಥವರದೇ ಒಂದು ಕೇರಿ ಬೆಳೆಯಿತು, ಎಲ್ಲರೂ ಮುಸಲ್ಮಾನರು. ಗಲಭೆಯಲ್ಲಿ ಆ ಕೇರಿ ಸುಟ್ಟುಹೋಯಿತು. ತಾಯಿ ಮಗಳು ಓಡಿ ಹತುಲಿಮಕ್ಕೆ ಬಂದರು, ತಾಯಿ ಜ್ವರ ಬಂದು ತೀರಿಕೊಂಡಳು. ತಂದೆ ಲಾ ಸಾಂಬು ಏನಾದನೆಂದು ಯಾರಿಗೂ ತಿಳಿಯದು. ಕೇರಿ ಸುಟ್ಟವರು ಯಾರೆಂದು ಊರಿನಲ್ಲಿ ಯಾರೂ ಕೇಳಿರಲಿಲ್ಲ. ಹೊರಗಿನವರು ಎಂದುಕೊಳ್ಳುವುದು ಎಲ್ಲರಿಗೂ ಅನುಕೂಲವಾಗಿತ್ತು, ರುಕಾಯಾಳಿಗೂ.

ಪಾಠ ಮುಗಿದ ಮೇಲೆ ಮಕ್ಕಳು ಹೆತ್ತವರಿಗಾಗಿ ದುವಾ ಹೇಳುತ್ತಾರೆ. ಬದುಕಿರುವವರಿಗೆ ಒಂದು, ಸತ್ತವರಿಗೆ ಇನ್ನೊಂದು. ತಾಯಿಯದನ್ನು ಹೇಳಿ ಮಿನಾ ಪ್ರತಿಸಲವೂ ಅಲ್ಲಿಗೇ ನಿಲ್ಲಿಸುತ್ತಿದ್ದಳು.

"ಅಪ್ಪಂಗೆ ಯಾವುದು ಹೇಳ್ಲಿ, ಇಬು?" ಎಂದು ಒಮ್ಮೆ ಕೇಳಿದ್ದಳು. ಇಬು ಎಂದರೆ ಅಮ್ಮ, ಇಲ್ಲಿ ಮೇಡಮ್ಮನೂ ಅದೇ.

"ಎರಡನ್ನೂ ಹೇಳು ಪುಟ್ಟಾ."

"ಬದುಕಿದ್ದೋರಿಗೆ ಸತ್ತೋರ ದುವಾ ಹೇಳಿದ್ರೆ ನಾನೇ ಕೊಂದಂಗಲ್ವಾ?"

ರುಕಾಯಾ ಮಕ್ಕಳನ್ನೆಲ್ಲ ಮನೆಗೆ ಕಳಿಸಿಬಿಟ್ಟಳು.

ಅಂದು ಮಿನಾ ಬಿಳಿ ಮುಸುಕು ಹೊದ್ದು ಮುಂದೆ ಬಂದಳು. ಓದಿದಳು, ಎಲ್ಲೂ ತಪ್ಪಲಿಲ್ಲ. ಏಣಿಯ ಬುಡದಲ್ಲಿದ್ದ ಎಲಿಫಾಸ್ ಟೋಪಿ ತೆಗೆದು ಕಣ್ಣು ಮುಚ್ಚಿ ಕೇಳಿದ. ಓದು ಮುಗಿಸಿದ ಹುಡುಗಿ ನೆಟ್ಟಗೆ ರುಕಾಯಾಳ ಬಳಿ ಬಂದು ತೋಳು ಹಿಡಿದಳು.

"ಇಬು, ಏಣಿ ಹತ್ರ ನಿಂತಿದಾರಲ್ಲ, ಬೋಳುತಲೆಯವರು. ಅವತ್ತು ಅಪ್ಪನ ಕೈ ಹಿಡ್ಕೊಂಡು ಕರ್ಕೊಂಡು ಹೋದೋರು ಅವರೇ."

ರುಕಾಯಾ ಹುಡುಗಿಯನ್ನು ಪಕ್ಕಕ್ಕೆಳೆದಳು. "ಸುಮ್ನಿರು. ನೀನಾಗ ಚಿಕ್ಕೋಳು. ಇನ್ಯಾರನ್ನೋ ನೋಡಿರ್ತೀಯ."

"ಅವರು ನಮ್ಮನೇಲಿ ಕಾಫಿ ಕುಡೀತಿದ್ರು. ನೀವು ಕೇಳಿ ಇಬು. ಪೇಲ ಕೇಳಿದ್ರೆ ಸುಳ್ಳು ಹೇಳೋಹಾಗಿಲ್ಲ ಅಂತ ನೀವೇ ಪಾಠ ಮಾಡಿದ್ರಲ್ಲ. ಅಪ್ಪ ಎಲ್ಲಿದಾರೆ ಅಂತ ಅಷ್ಟೇ ಕೇಳಿ. ಬೇರೇನೂ ಬೇಡ."

ಮಧ್ಯಾಹ್ನದವರೆಗೆ ರುಕಾಯಾ ಹುಡುಗಿಯ ಕಣ್ಣು ತಪ್ಪಿಸಿ ಓಡಾಡಿದಳು. ಸೂರು ಅರ್ಧ ಮುಗಿದಿತ್ತು, ಪೇಪರಿನವರು ಫೋಟೊ ತೆಗೆದುಕೊಂಡು ಹೊರಟುಹೋಗಿದ್ದರು. ಅದರ ನೆರಳಿನಲ್ಲಿ ಬಾಳೆಲೆ ಹಾಸಿ, ಎರಡೂ ಊರಿನವರು ಎದುರುಬದುರು ಕೂತು ಸಾಗೊ ಅಂಬಲಿಗೆ ಮೀನಿನ ಸಾರು ಸುರಿದುಕೊಂಡು ಸುರ್ ಎಂದು ಹೀರುತ್ತಿದ್ದರು. ಮಿನಾ ಮಾತ್ರ ಕಂಬಕ್ಕೊರಗಿ ನಿಂತು ರುಕಾಯಾಳನ್ನೇ ನೋಡುತ್ತಿದ್ದಳು. ಆ ನೋಟ ತಡೆಯಲಾರದೆ ರುಕಾಯಾ ಊರ ಹಿರಿಯ ಹಾಜಿ ಮುಕ್ಸಿನ್ ಬಳಿ ಬಗ್ಗಿ ವಿಷಯ ಹೇಳಿದಳು.

"ಇವತ್ತಾ?" ಹಾಜಿ ಹಲ್ಲು ಕಚ್ಚಿ ಪಿಸುಗುಟ್ಟಿದ. "ತಲೆ ಕೆಟ್ಟಿದೆಯೇನಮ್ಮಾ? ಉಣ್ಣೋ ಎಲೆ ಮುಂದೆ?"

"ನಾಳೆ ಅವರು ಇರಲ್ಲ, ಹಾಜಿಗಳೇ."

"ಇಲ್ದಿದ್ರೆ ಒಳ್ಳೇದೇ ಆಯ್ತು."

ಆ ಮಾತು ಅವಳಿಗೆ ಚುಚ್ಚಿತು. ಬೆಳಗಿನಿಂದ ತನ್ನ ಮನಸ್ಸೂ ಅದನ್ನೇ ಹೇಳುತ್ತಿತ್ತಲ್ಲ ಎಂದು ಅವಳಿಗೆ ಹೇಸಿಗೆಯಾಯಿತು. ನೇರ ಹೋಗಿ ಎಲಿಫಾಸನ ಎದುರು ಮೊಣಕಾಲೂರಿ ಕೂತಳು.

"ಅಣ್ಣಾ, ಪೇಲ ಅಂತ ಕೇಳ್ತಿದೀನಿ. ಲಾ ಸಾಂಬು ಎಲ್ಲಿ?"

ಸುರ್ ಎನ್ನುವ ಸದ್ದು ಸಾಲಿನುದ್ದಕ್ಕೂ ನಿಂತುಹೋಯಿತು. ಎಲಿಫಾಸ್ ಬಟ್ಟಲು ಕೆಳಗಿಟ್ಟ. ತಮಾಷೆ ಮಾಡುತ್ತಿದ್ದ ಮುಖ ಕಪ್ಪಿಟ್ಟಿತು.

"ಬೇರೆ ಏನಾದ್ರೂ ಕೇಳು, ತಂಗಿ."

"ಬೇರೇನೂ ಬೇಡ."

ಅವನು ಅಂಗೈ ನೋಡುತ್ತಾ ಕೂತ. ಆಮೇಲೆ ಹೇಳಿದ, ತಡವರಿಸದೆ ಹೇಳಿದ. ಯಾರಾದರೂ ಕೇಳಲೆಂದೇ ಕಾದಿದ್ದನೋ ಏನೋ.

"ದೋಣಿ ಹತ್ತಿಸ್ತೀನಿ ಬಾ ಅಂತ ನಾನೇ ಕರ್ಕೊಂಡು ಹೊರಟೆ. ಮೋಸ ಮಾಡಬೇಕು ಅಂತಲ್ಲ, ನಿಜವಾಗ್ಲೂ ಹತ್ತಿಸೋಕೇ. ಇಗರ್ಜಿ ತಿರುವಲ್ಲಿ ಹುಡುಗರು ನಿಂತಿದ್ರು. ಹೊರಗಿನೋರಲ್ಲ, ನಮ್ಮೂರೋರೇ. ಕೈ ಬಿಡು ಅಂದ್ರು. ಬಿಟ್ಟೆ."

"ಯಾಕಣ್ಣಾ? ನಮ್ಮಮ್ಮನ್ನ ಬಿಡಲಿಲ್ವಲ್ಲ ನೀನು!"

"ನಿಮ್ಮಮ್ಮ ಪೇಲ. ಅವನು ಪೇಲ ಅಲ್ಲ, ತಂಗಿ." ಇಷ್ಟು ಸರಳ ವಿಷಯ ಗೊತ್ತಿಲ್ಲವೇ ಎಂಬಂತೆ ಅವನು ಅವಳ ಮುಖ ನೋಡಿದ. "ಅವರ ಕೇರಿ ಬಾವೀಲಿ ಇದಾನೆ. ಮೇಲೆ ಕಲ್ಲು ತುಂಬಿದೀವಿ."

ಮಿನಾ ಅಳಲಿಲ್ಲ. ಬಾನಿಯ ಬಳಿ ಹೋಗಿ ಕೈಕಾಲು ಮುಖ ತೊಳೆದಳು. ಸೂರಿಲ್ಲದ ಅರ್ಧದಲ್ಲಿ, ಬಿಸಿಲಿನಲ್ಲಿ, ಮೆಕ್ಕಾದ ಕಡೆ ಮುಖ ಮಾಡಿ ಸತ್ತವರ ನಮಾಜಿಗೆ ನಿಂತಳು. ರುಕಾಯಾ ಹತುಲಿಮದ ಗಂಡಸರತ್ತ ತಿರುಗಿದಳು. ಒಬ್ಬನೂ ಏಳಲಿಲ್ಲ. "ಶುಕ್ರವಾರ ಮಸೀದೀಲಿ ಮಾಡಿಸೋಣ," ಎಂದ ಹಾಜಿ, ಎಲೆಯಿಂದ ತಲೆ ಎತ್ತದೆ. ರುಕಾಯಾ ಒಬ್ಬಳೇ ಹೋಗಿ ಹುಡುಗಿಯ ಪಕ್ಕ ನಿಂತಳು. ಅಷ್ಟಾದರೂ ಮಾಡಿದೆ ಎಂದು ಅವಳಿಗೆ ಒಂದು ಗಳಿಗೆ ಸಮಾಧಾನವಾಯಿತು.

ನಮಾಜು ಮುಗಿಯಿತು. "ಪೊಲೀಸರಿಗೆ ಹೇಳ್ತೀರಾ?" ಎಂದಳು ಮಿನಾ.

"ಪೇಲ ಹೇಳಿದ್ದು ಹೊರಗೆ ಹೋಗೋಹಾಗಿಲ್ಲ ಮಗಾ. ನಾನು ಹೇಳಬಾರದು."

"ನಾನು ಪೇಲ ಅಲ್ವಲ್ಲ. ನಾನು ಹೇಳಬಹುದು. ಅಪ್ಪನ್ನ ಬಾವಿಯಿಂದ ಎತ್ತಿಸಬೇಕು."

ಅದರಲ್ಲಿ ಸಿಟ್ಟಿರಲಿಲ್ಲ. ಲೆಕ್ಕಕ್ಕೆ ಉತ್ತರ ಸಿಕ್ಕ ಮಗುವಿನ ದನಿಯಲ್ಲಿ ಹೇಳಿ, ಚಪ್ಪಲಿ ಮೆಟ್ಟಿ, ಪೊಲೀಸ್ ಠಾಣೆಯ ದಾರಿ ಹಿಡಿದಳು. ಹಾಜಿ ಮುಕ್ಸಿನ್ ದಡಬಡಿಸಿ ಎದ್ದ. ಅವನ ಹಿಂದೆ ಎರಡೂ ಊರಿನ ಗಂಡಸರು ಎದ್ದು ನಿಂತರು, ನಮಾಜಿಗೆ ಏಳದಿದ್ದ ಹತುಲಿಮದವರೂ.

"ರುಕಾಯಾ, ಕರಿ ಅವಳನ್ನ! ನಮ್ಮ ಮಾತು ಕೇಳಲ್ಲ, ನಿನ್ನ ಮಾತು ಕೇಳ್ತಾಳೆ. ಅಮಕೆನದ ಹುಡುಗರನ್ನ ಹಿಡ್ಕೊಂಡು ಹೋದ್ರೆ ಮತ್ತೆ ಬೆಂಕಿ ಬೀಳುತ್ತೆ. ಆಗ ಯಾರಮ್ಮ ಬರ್ತಾರೆ ದೋಣಿ ತಗೊಂಡು?"

ಹೋಗಲಿ ಬಿಡಿ ಎಂದು ಎಲಿಫಾಸನಾದರೂ ಹೇಳಿಯಾನೆಂದು ರುಕಾಯಾ ಕಾದಳು. ಅವನು ಮುಖ ತಿರುಗಿಸಿದ. ಬಿಳಿ ಮುಸುಕು ಲವಂಗದ ಮರಗಳ ತಿರುವಿನ ಹತ್ತಿರ ಹೋಗಿತ್ತು. ಇನ್ನೊಂದು ನಿಮಿಷ ಸುಮ್ಮನಿದ್ದರೆ ಸಾಕಿತ್ತು. ರುಕಾಯಾಳಿಗೆ ಮನೆಯಲ್ಲಿ ಮಲಗಿದ ತಾಯಿ ನೆನಪಾದಳು, ಸುಟ್ಟ ಮದರಸಾ ನೆನಪಾಯಿತು, ತಾನು ಪಾಠ ಹೇಳುವ ಮಕ್ಕಳು ನೆನಪಾದರು.

"ಮಿನಾ!" ಎಂದು ಕೂಗಿದಳು. "ಬಾ ಇಲ್ಲಿ."

ಹುಡುಗಿ ನಿಂತಳು. ಕಲಿಸಿದವರ ಮಾತು ಮೀರಿದವಳಲ್ಲ, ತಿರುಗಿ ಬಂದಳು. ಬಂದು, ತರಗತಿಯಲ್ಲಿ ನಿಲ್ಲುವಂತೆ ಕೈಕಟ್ಟಿ ನಿಂತಳು.

"ಏನು ಇಬು?"

ಅಷ್ಟೂ ಜನ ರುಕಾಯಾಳ ಬಾಯಿಯನ್ನೇ ನೋಡುತ್ತಿದ್ದರು.

"ಊಟ ಮಾಡು," ಎಂದಳು.

ಯಾರೋ ಜಾಗ ಬಿಟ್ಟರು, ಯಾರೋ ಎಲೆ ಹಾಕಿದರು. ಮಿನಾ ಬಿಸ್ಮಿಲ್ಲಾ ಎಂದು ಬಾಯಲ್ಲೇ ಹೇಳಿಕೊಂಡು, ಎಲಿಫಾಸನ ಎದುರಿನ ಸಾಲಿನಲ್ಲಿ ಕೂತು, ಬಡಿಸಿದ್ದನ್ನೆಲ್ಲ ಉಂಡಳು.