ಹೆಬ್ಬೆರಳಿನ ಕೆಳಗೆ

"ತಡೀರಿ, ಇನ್ನೂ ಬಡ್ಕೋತಿದೆ."

ಸ್ಟ್ರೆಚರಿನ ಹಿಡಿಗೆ ಕೈಹಾಕಿದ್ದ ಇಬ್ಬರೂ ಬಗ್ಗಿದಲ್ಲೇ ನಿಂತರು. ಡ್ರಿಲ್ ಮೇಷ್ಟ್ರ ಹೆಂಡತಿ ಗಂಡನ ಮಣಿಕಟ್ಟು ಹಿಡಿದು, ಕಣ್ಣು ಮುಚ್ಚಿ, ತುಟಿಯಲ್ಲೇ ಎಣಿಸುತ್ತಿದ್ದರು. ಹೊರಗೆ ಗಾಡಿ ಬಂದು ನಿಂತಾಗಿತ್ತು. ನಿನ್ನೆ ಸಂಜೆಯೇ ಡಾಕ್ಟರು ಬಂದು ನೋಡಿ, ಎಲ್ಲ ಮುಗಿದಿದೆ ಎಂದು ಹೇಳಿ ಹೋಗಿದ್ದರು.

ಅಂಗಳದಲ್ಲಿ ಮೇಷ್ಟ್ರ ಹಳೆಯ ವಿದ್ಯಾರ್ಥಿಗಳು ಯಾರೂ ಹೇಳದೆಯೇ ಸಾಲಾಗಿ ನಿಂತಿದ್ದರು. ತಲೆ ನರೆತ ಒಬ್ಬ ಪಕ್ಕದವನಿಗೆ, ಬೆನ್ನು ನೆಟ್ಟಗೆ ಮಾಡೋ, ಮೇಷ್ಟ್ರು ಎದ್ದು ಬಂದು ಓಡಿಸಿಯಾರು ಎಂದ. ನಗಲು ಹೋದ ಇಬ್ಬರೂ ತಲೆ ತಗ್ಗಿಸಿದರು.

ಒಳಗೆ ಮೇಷ್ಟ್ರ ತಮ್ಮ ಮೆಲ್ಲಗೆ, "ಅತ್ತಿಗೆ, ಹೊತ್ತಾಗ್ತಿದೆ," ಎಂದರು.

ಆಕೆ ಕಣ್ಣು ತೆರೆಯಲಿಲ್ಲ. "ನಿನ್ನೆ ಬೆಳಿಗ್ಗೇನೂ ನೋಡಿದೀನಿ, ಸರಿಯಾಗೇ ಇತ್ತು. ಬೆಳಿಗ್ಗೆ ಸರಿ ಇದ್ದಿದ್ದು ಸಂಜೆಗೆ ಹೇಗಪ್ಪ ನಿಂತುಹೋಗುತ್ತೆ? ಜೀವ ಇರೋರನ್ನ ನಾನು ಕಳಿಸಲ್ಲ."

ಎಲ್ಲರೂ ಮಗಳ ಮುಖ ನೋಡಿದರು. ಅವಳು ಅಮ್ಮನ ಪಕ್ಕ ಬಂದು ಮಂಡಿಯೂರಿ ಕೂತಳು. ಆಗಲೇ ಅವಳಿಗೆ ಕಂಡದ್ದು: ಅಪ್ಪನ ಮಣಿಕಟ್ಟಿನ ಮೇಲೆ ಊರಿದ್ದದ್ದು ಅಮ್ಮನ ಹೆಬ್ಬೆರಳು.

* * *

ಆಗೆಲ್ಲ ಶಾಲೆಯ ಮೈದಾನ ಒಂದು ಸುತ್ತು ಓಡಿಸಿದ ಮೇಲೆ ಮೇಷ್ಟ್ರು ಸೀಟಿ ಊದುತ್ತಿದ್ದರು. ಓಡಿ ಏದುಸಿರು ಬಿಡುವ ಮಕ್ಕಳೆಲ್ಲ ಪಕ್ಕದವರ ನಾಡಿ ಹಿಡಿದು ಎಣಿಸಬೇಕು. ಆ ಸಾಲಿನಲ್ಲಿ ಮಗಳೂ ಒಬ್ಬಳು, ಮನೆಯವಳೆಂಬ ರಿಯಾಯಿತಿ ಏನೂ ಇರಲಿಲ್ಲ.

"ಹೆಬ್ಬೆರಳಿಟ್ಟೋರು ಇನ್ನೊಂದು ಸುತ್ತು ಓಡಿ," ಎನ್ನುತ್ತಿದ್ದರು. "ಹೆಬ್ಬೆರಳಿಗೆ ಅದರದ್ದೇ ಬಡಿತ ಇರುತ್ತೆ ಕಣ್ರೋ. ಕಲ್ಲಿನ ಮೇಲಿಟ್ಟರೂ ಕಲ್ಲಿಗೆ ಜೀವ ಇದೆ ಅನ್ನುತ್ತೆ."

ನಿವೃತ್ತರಾದ ವರ್ಷ ಅವರಿಗೆ ಎದೆನೋವು ಬಂದು ಹೋಯಿತು. ದಿನಾ ನಾಡಿ ನೋಡಿ ಎಂದರು ಡಾಕ್ಟರು. ಆ ಕೆಲಸವನ್ನು ಹೆಂಡತಿ ಯಾರಿಗೂ ಬಿಟ್ಟುಕೊಡಲಿಲ್ಲ. ಬೇರೆ ಊರಿನಲ್ಲಿದ್ದ ಮಗಳಿಗೆ ಫೋನಿನಲ್ಲಿ ವರದಿ ಬರುತ್ತಿತ್ತು, ಜೊತೆಗೆ ದೂರು ಕೂಡ.

"ಬಡಿತ ಜಾಸ್ತಿ ಬಂದ ದಿನ ತಾವು ಮಲಗೋದು ಬಿಟ್ಟು ನನ್ನನ್ನ ಮಲಗಿಸಿ ಪಾತ್ರೆ ತೊಳೀತಾರೆ ಕಣೇ. ಅರಳುಮರಳು ನಿಮ್ಮಪ್ಪಂಗೆ."

ಒಮ್ಮೆ ವಾರವಿಡೀ ಜಾಸ್ತಿಯೇ ಬಂತು. ಡಾಕ್ಟರ ಹತ್ತಿರ ಹೊರಟ ಮೇಷ್ಟ್ರು ಹೆಂಡತಿಯನ್ನೂ ಎಳೆದುಕೊಂಡು ಹೋದರು. ಹೇಗೂ ಬಂದಿದ್ದೀವಿ, ಇವಳನ್ನೂ ಒಂದು ಸಲ ನೋಡಿಬಿಡಿ ಎಂದರಂತೆ. ಬಡಿತ ಏರಿಸುವ ಥೈರಾಯ್ಡ್ ತೊಂದರೆ ಸಿಕ್ಕಿದ್ದು ಆಕೆಯಲ್ಲಿ. ಆಸ್ಪತ್ರೆ ಎಂದರೆ ಮಾರು ದೂರ ಓಡುತ್ತಿದ್ದ ಆಕೆ ಅಂದಿನಿಂದ ಗೊಣಗುತ್ತಲೇ ಮಾತ್ರೆ ನುಂಗತೊಡಗಿದರು.

ಮಗಳು ಅದನ್ನು ಕೇಳಿ ನಕ್ಕು ಫೋನಿಟ್ಟಿದ್ದಳು.

* * *

ಈಗ ಇದನ್ನು ಹೇಳಿದರೆ, ಅವರ ನಾಡಿ ಕೆಟ್ಟದ್ದು ನನ್ನ ಕೈಗೆ ಗೊತ್ತೇ ಆಗಲಿಲ್ಲ ಎಂದು ಅಮ್ಮ ಬದುಕಿರುವಷ್ಟು ದಿನವೂ ಕೊರಗಬಹುದು. ಹೇಳದಿದ್ದರೆ ಆ ಕೈ ಬಿಡುವುದಿಲ್ಲ.

ಅವಳು ಅಮ್ಮನ ಹೆಬ್ಬೆರಳನ್ನು ಬಿಡಿಸಿದಳು. ತೋರುಬೆರಳನ್ನೂ ನಡುಬೆರಳನ್ನೂ ಜೋಡಿಸಿ, ಸ್ವಲ್ಪ ಪಕ್ಕಕ್ಕೆ, ನಾಡಿ ಇರುವ ಜಾಗದಲ್ಲೇ ಇಟ್ಟಳು.

"ಈಗ ನೋಡಮ್ಮ."

ಆಕೆ ನೋಡಿದರು. ಬಹಳ ಹೊತ್ತು ನೋಡಿದರು. ಎಣಿಸಲು ಅಣಿಯಾದ ತುಟಿಗಳು ಹಾಗೇ ನಿಂತವು.

"ಹಾಗಾದ್ರೆ ಇಷ್ಟು ದಿನ ನಾನು ಎಣಿಸಿದ್ದು?"

"ನಿಂದೇ ಅಮ್ಮ."

ಆಕೆ ತಮ್ಮ ಹೆಬ್ಬೆರಳನ್ನು ನೋಡಿಕೊಂಡರು.

"ನಿಮ್ಮಪ್ಪಂಗೆ ಗೊತ್ತಿತ್ತಾ?"

"ಶಾಲೆಗೆಲ್ಲ ಹೇಳಿಕೊಟ್ಟಿದ್ದೇ ಅಪ್ಪ."

ಆಕೆ ಅಳುತ್ತಿರಲಿಲ್ಲ. ಗಂಡನ ಮುಖವನ್ನು, ಎಷ್ಟೋ ದಿನದಿಂದ ಗುಟ್ಟು ಮುಚ್ಚಿಟ್ಟುಕೊಂಡು ಓಡಾಡಿದವನು ಇವತ್ತು ಕೈಗೆ ಸಿಕ್ಕ ಹಾಗೆ, ನೋಡುತ್ತಿದ್ದರು.

"ಕಳ್ಳ," ಎಂದರು ಮೆಲ್ಲಗೆ. "ಅರಳುಮರಳು ಅಂದ್ಕೊಂಡಿದ್ದೆ ನಾನು."

ಮತ್ತೆ ಸ್ಟ್ರೆಚರಿನವರತ್ತ ತಿರುಗಿ, ಕರ್ಕೊಂಡು ಹೋಗಿ ಎಂದರು.

ಬೆರಳು ತೆಗೆದಾಗ, ಹೆಬ್ಬೆರಳು ಊರಿದ್ದ ಜಾಗ ಪುಟ್ಟ ತಗ್ಗಾಗಿ ಉಳಿದಿತ್ತು. ಚರ್ಮ ಮೇಲೇಳಲಿಲ್ಲ. ಆಕೆ ಶರ್ಟಿನ ತೋಳನ್ನು ಅದರ ಮೇಲಕ್ಕೆ ಎಳೆದು, ಗುಂಡಿ ಹಾಕಿ, ಪಕ್ಕಕ್ಕೆ ಸರಿದು ದಾರಿ ಬಿಟ್ಟರು.